ಮೂಗಿಗಿಂತ ಬಾಲ ಮುಖ್ಯ
ಕಾರಿನ ಆಕಾರಕ್ಕೂ ಗಾಳಿಗೂ ಇರುವ ನಂಟಿನ ಬಗ್ಗೆ ಬಂದ ಲೇಖನದ ಫೋಟೊಗಳು ಕಣ್ಣಿಗೆ ಹಬ್ಬ. ಆದರೆ ಲೇಖಕರು ಹೇಳುವ ಹಾಗೆ ‘ಮೂಗು ಚೂಪಾದಷ್ಟೂ ಕಾರು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ’ ಎನ್ನುವುದನ್ನು ಒಪ್ಪಲಾರೆ. ಕಾರಿನ ವೇಗದಲ್ಲಿ ಮೂಗು ದುಂಡಗಿದ್ದರೂ ನಡೆಯುತ್ತದೆ, ಆಟವೆಲ್ಲ ಹಿಂಬದಿಯಲ್ಲೇ. ಗಾಳಿ ಮೈಗಂಟಿಕೊಂಡು ಜಾರದೆ ಥಟ್ಟನೆ ಬಿಟ್ಟುಕೊಂಡರೆ ಅಲ್ಲಿ ಸುಳಿ ಏಳುತ್ತದೆ, ಒತ್ತಡ ಕುಸಿಯುತ್ತದೆ, ಕಾರನ್ನು ಹಿಂದಕ್ಕೆ ಜಗ್ಗುತ್ತದೆ. ಮಣ್ಣುರಸ್ತೆಯಲ್ಲಿ ಓಡಿಬಂದ ಹ್ಯಾಚ್‌ಬ್ಯಾಕ್ ನೋಡಿ, ಹಿಂದಿನ ಗಾಜಿಗೆ ಹಿಟ್ಟು ಎರಚಿದಂತೆ ಧೂಳು ಕೂತಿರುತ್ತದೆ. ಅದು ಆ ಸುಳಿಯದೇ ಕೆಲಸ.

ಎಂಜಿನಿಯರ್ ಎಡ್ಮಂಡ್ ರುಂಪ್ಲರ್ 1921ರಲ್ಲೇ ಹಿಂದಕ್ಕೆ ಹೋದಂತೆ ಕಿರಿದಾಗುವ ಹನಿಯಾಕಾರದ ಕಾರು ತೋರಿಸಿದ್ದರು. 1979ರಲ್ಲಿ ಅದನ್ನು ಫೋಕ್ಸ್‌ವ್ಯಾಗನ್ ಗಾಳಿಸುರಂಗದಲ್ಲಿಟ್ಟು ಅಳೆದಾಗ ಸಿಕ್ಕ ಡ್ರ್ಯಾಗ್ ಗುಣಾಂಕ (ಗಾಳಿಯ ಎಳೆತ ತೋರಿಸುವ ಸಂಖ್ಯೆ, ಕಡಿಮೆಯಿದ್ದಷ್ಟೂ ಒಳ್ಳೆಯದು) 0.28! ಇಂದಿನ ಎಷ್ಟೋ ಕಾರುಗಳಿಗೂ ಇದು ದಕ್ಕಿಲ್ಲ. ಅಷ್ಟುದ್ದದ ಬಾಲ ಪಾರ್ಕಿಂಗಿಗೆ ತಲೆನೋವು ಅನ್ನುವವರಿಗೆ ಜರ್ಮನಿಯ ಎಂಜಿನಿಯರ್ ವೂನಿಬಾಲ್ಡ್ ಕಾಮ್ 1930ರ ದಶಕದಲ್ಲೇ ದಾರಿ ತೋರಿಸಿದ್ದರು: ಇಳಿಜಾರಾಗಿ ಕಿರಿದಾಗಿಸುತ್ತ ಬಂದು ನೇರವಾಗಿ ಕತ್ತರಿಸಿಬಿಡಿ, ಲಾಭದ ಬಹುಪಾಲು ಉಳಿಯುತ್ತದೆ.

ಲೇಖನದ ಕೊನೆಯ ಫೋಟೊದಲ್ಲಿ ಕಾರಿನ ಹಿಂಬದಿಗೆ ಕೂರಿಸಿದ ಆ ದೊಡ್ಡ ರೆಕ್ಕೆಯ ಬಗ್ಗೆ ಏನು ಹೇಳಲಿ! ಡಿಕ್ಕಿಗೆ ಸ್ಕ್ರೂ ಹೊಡೆದು ನಿಲ್ಲಿಸಿದ ಅಂಥ ರೆಕ್ಕೆ ಎಷ್ಟೋ ಸಲ ಎಳೆತ ಹೆಚ್ಚಿಸುವುದೇ ಜಾಸ್ತಿ. ಸ್ವತಃ ಕಾರು ಮಾರ್ಪಡಿಸುವವರು ಮೊದಲು ಗೇಣುದ್ದದ ಉಣ್ಣೆದಾರಗಳನ್ನು ಟೇಪಿನಿಂದ ಮೈತುಂಬ ಅಂಟಿಸಿ, ಪಕ್ಕದ ಕಾರಿನಿಂದ ವಿಡಿಯೊ ಮಾಡಿಸಿಕೊಳ್ಳಲಿ. ದಾರ ನೆಟ್ಟಗೆ ಮಲಗಿದ್ದರೆ ಸರಿ, ಹುಚ್ಚೆದ್ದು ಕುಣಿಯುತ್ತಿದ್ದರೆ ಕೈ ಹಾಕಬೇಕಾದ್ದು ಅಲ್ಲೇ. ಅಂದಹಾಗೆ, ಅಡಿಯ ಗಾಳಿಯೂ ಸರಾಗವಾಗಿ ಜಾರಲೆಂದು ಕಾರಿನ ಹೊಟ್ಟೆಯಡಿ ಸಪಾಟು ಹಲಗೆ ಹಾಕುವ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲವಲ್ಲ, ಯಾಕೆ?