ಸಣ್ಣ ಊರಿನ ನೀರಿಗೂ ತುರ್ತು ಯೋಜನೆ ಕಡ್ಡಾಯ ಬೇಕಾ?

ಅಮೆರಿಕದಲ್ಲಿ 2018ರಲ್ಲಿ ಒಂದು ಕಾನೂನು ಬಂತು. 3,300ಕ್ಕಿಂತ ಜಾಸ್ತಿ ಜನರಿಗೆ ನೀರು ಕೊಡುವವರು ಏನೇನು ಅಪಾಯ ಇದೆ ಎಂದು ನೋಡಿ, ತುರ್ತು ಯೋಜನೆ ಬರೆದಿಡಬೇಕು. ಐದು ವರ್ಷಕ್ಕೊಮ್ಮೆ ಅದನ್ನು ಮತ್ತೆ ಪರಿಶೀಲಿಸಬೇಕು. ಅದಕ್ಕಿಂತ ಚಿಕ್ಕ ಊರುಗಳಿಗೆ ಈ ಕಾನೂನು ತಟ್ಟುವುದಿಲ್ಲ. ತಟ್ಟಬೇಕಾ? ಅಲ್ಲಿ ಮಾತ್ರವಲ್ಲ, ಎಲ್ಲೇ ಆದರೂ?

ಪರ: ಬರೆದಿಡಲೇಬೇಕು

ಸಣ್ಣ ಊರಿನ ನೀರಿನ ಲೆಕ್ಕಾಚಾರವೆಲ್ಲ ಇರುವುದು ಒಬ್ಬರ ತಲೆಯಲ್ಲಿ. ಯಾವ ವಾಲ್ವ್ ತಿರುಗಿಸಿದರೆ ಯಾವ ಬೀದಿಗೆ ನೀರು ನಿಲ್ಲುತ್ತದೆ, ಹಳೇ ಪೈಪ್ ನೆಲದಡಿ ಎಲ್ಲಿ ಹೋಗುತ್ತದೆ, ಪಂಪ್‌ಹೌಸಿನ ಇನ್ನೊಂದು ಬೀಗದ ಕೈ ಯಾರ ಹತ್ತಿರ ಇದೆ, ಎಲ್ಲವೂ ನೀರುಗಂಟಿಗೇ ಗೊತ್ತು. ಅವರು ಜ್ವರ ಬಂದು ಮಲಗಿದ ದಿನವೇ ಮೇನ್ ಪೈಪ್ ಒಡೆದರೆ? ಪೈಪಿನಲ್ಲಿ ಒತ್ತಡ ಕುಸಿದರೆ ನೀರು ಹೊರಗೆ ಹೋಗುವುದಷ್ಟೇ ಅಲ್ಲ, ಸುತ್ತಲಿನ ಕೊಳೆಯೂ ಒಳಗೆ ನುಗ್ಗುತ್ತದೆ. ಆಗ ವಾಲ್ವ್ ಹುಡುಕುತ್ತಾ ಓಡಾಡುವಷ್ಟು ಪುರುಸೊತ್ತು ಇರುವುದಿಲ್ಲ.

ಕೆನಡಾದ ವಾಕರ್ಟನ್ ನೋಡಿ. ಐದು ಸಾವಿರಕ್ಕೂ ಕಡಿಮೆ ಜನರಿದ್ದ ಊರು. 2000ದ ಮೇ ತಿಂಗಳಲ್ಲಿ ಜೋರು ಮಳೆ ಬಂತು. ಹತ್ತಿರದ ಹೊಲದ ಸಗಣಿ ಗೊಬ್ಬರದಲ್ಲಿದ್ದ ಬ್ಯಾಕ್ಟೀರಿಯಾ ಆಳವಿಲ್ಲದ ಬಾವಿಗೆ ಇಳಿಯಿತು. ಸುಮಾರು 2,300 ಜನ ಕಾಯಿಲೆ ಬಿದ್ದರು, 7 ಜನ ತೀರಿಕೊಂಡರು. ನೀರು ಕೆಟ್ಟಿದೆ ಎಂಬ ಲ್ಯಾಬ್ ವರದಿ ಮೇ 17ಕ್ಕೇ ನೀರಿನ ಮೇಲ್ವಿಚಾರಕರಿಗೆ ಸಿಕ್ಕಿತ್ತು. ಅವರು ಆರೋಗ್ಯ ಅಧಿಕಾರಿಗಳಿಗೆ ಹೇಳಲಿಲ್ಲ. ನೀರು ಕುದಿಸಿ ಕುಡಿಯಿರಿ ಎಂಬ ಸೂಚನೆ ಹೊರಟಿದ್ದು 21ಕ್ಕೆ, ಸ್ಥಳೀಯ ರೇಡಿಯೋದಲ್ಲಿ. ಎಷ್ಟೋ ಜನರಿಗೆ ಅವತ್ತು ಅದು ಗೊತ್ತಾಗಲೇ ಇಲ್ಲ.

ವರದಿ ಕೆಟ್ಟದು ಬಂದರೆ ಮೊದಲ ಫೋನ್ ಯಾರಿಗೆ? ಮೇಲ್ವಿಚಾರಕರು ಸುಮ್ಮನಿದ್ದರೆ ಲ್ಯಾಬಿನವರು ಇನ್ಯಾರಿಗೆ ಹೇಳಬೇಕು? ರೇಡಿಯೋ ಕೇಳದ ಮನೆಗಳ ಬಾಗಿಲು ಯಾರು ತಟ್ಟಬೇಕು? ಯೋಜನೆ ಅಂದರೆ ಇಷ್ಟೇ ಕಣ್ರೀ. ಹತ್ತು ಪುಟ ಸಾಕು.

ಕಡ್ಡಾಯ ಯಾಕೆ ಅಂತೀರಾ? ಕಡ್ಡಾಯ ಅಲ್ಲದ್ದು ಪ್ರತಿ ಸಭೆಯಲ್ಲೂ ಮುಂದಕ್ಕೆ ಹೋಗುತ್ತದೆ. ಒಡೆದ ಪೈಪು, ಸುಟ್ಟ ಮೋಟರು, ಬಾಕಿ ಬಿಲ್ಲು ಮುಗಿಯುವ ಹೊತ್ತಿಗೆ ಎಲ್ಲರಿಗೂ ಮನೆಗೆ ಹೋಗುವ ಆತುರ.

ವಿರೋಧ: ಫೈಲಿನಿಂದ ನೀರು ಶುದ್ಧವಾಗುವುದಿಲ್ಲ

ವಾಕರ್ಟನ್ ಉದಾಹರಣೆಯನ್ನು ಪೂರ್ತಿ ಓದಬೇಕು. ಅಲ್ಲಿ ಬರೆಯುವ ನಿಯಮ ಇರಲಿಲ್ಲವಾ? ಇತ್ತು. ನೀರಿನಲ್ಲಿ ಎಷ್ಟು ಕ್ಲೋರಿನ್ ಉಳಿದಿದೆ ಎಂದು ದಿನವೂ ಅಳೆದು ಪುಸ್ತಕದಲ್ಲಿ ಬರೆಯಬೇಕಿತ್ತು. ಕೆಲಸಗಾರರು ಅಳೆಯದೆಯೇ ಅಂಕಿ ತುಂಬುತ್ತಿದ್ದರು. 0.5, 0.75, ನೋಡಲು ಚೆನ್ನಾಗಿರುವ ಅಂಕಿಗಳು! ಕಾಗದದ ಮೇಲೆ ಆ ಊರಿನ ನೀರು ಸುರಕ್ಷಿತವಾಗಿತ್ತು. ತನಿಖೆ ನಡೆಸಿದ ನ್ಯಾಯಮೂರ್ತಿ ಡೆನಿಸ್ ಓಕಾನರ್ ಹೇಳಿದ್ದೇನು? ಆ ಬಾವಿಗೆ ಕ್ಲೋರಿನ್ ಮತ್ತು ನೀರಿನ ಕಲಕನ್ನು ಸತತವಾಗಿ ಅಳೆಯುವ ಯಂತ್ರ ಹಾಕಿದ್ದರೆ ಈ ಅನಾಹುತ ತಪ್ಪುತ್ತಿತ್ತು ಎಂದು. ಅಂದರೆ ಬೇಕಿದ್ದದ್ದು ಒಂದು ಮೀಟರು, ಇನ್ನೊಂದು ರಿಜಿಸ್ಟರ್ ಅಲ್ಲ.

ತಯಾರಿ ಬೇಡ ಅಂತ ಯಾರೂ ಹೇಳುತ್ತಿಲ್ಲ. ಕಡ್ಡಾಯ ಮಾಡಿದರೆ ಏನಾಗುತ್ತದೆ ಎಂಬುದಷ್ಟೇ ಮಾತು. ನಮೂನೆ ಬರುತ್ತದೆ, ತುಂಬಿಕೊಡುವ ಏಜೆನ್ಸಿ ಬರುತ್ತದೆ. ಊರಿನ ಹೆಸರು ಬದಲಿಸಿದರೆ ಉಳಿದದ್ದೆಲ್ಲ ಒಂದೇ. ಭದ್ರತೆಯ ವಿಷಯ ಅಂತ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ರಾತ್ರಿ ಮೋಟರ್ ನಿಂತಾಗ ನೀರುಗಂಟಿಗೆ ಆ ಬೀರುವಿನ ಕೀಲಿ ಸಿಗುವುದಿಲ್ಲ. ಫಾರಂ ತುಂಬುವವರೂ, ವಾಲ್ವ್ ತಿರುಗಿಸುವವರೂ, ಬಿಲ್ ವಸೂಲಿ ಮಾಡುವವರೂ ಒಬ್ಬರೇ ಆಗಿರುವ ಊರಲ್ಲಿ ಕಾಗದಕ್ಕೆ ಹೋದ ಪ್ರತಿ ಗಂಟೆಯೂ ಟ್ಯಾಂಕಿನ ಮುಚ್ಚಳ ನೋಡಬೇಕಿದ್ದ ಗಂಟೆ. ತೆರೆದಿಟ್ಟ ಬ್ಲೀಚಿಂಗ್ ಪೌಡರ್ ತೇವ ಹೀರಿ ಶಕ್ತಿ ಕಳೆದುಕೊಳ್ಳುತ್ತದೆ. ಅದನ್ನು ಮೊದಲು ಸರಿಯಾಗಿ ಮುಚ್ಚಿಡಿ.

ಕಂಪ್ಯೂಟರ್ ದಾಳಿಯ ಭಯವನ್ನೂ ತೋರಿಸುತ್ತಾರೆ. ಸುಮ್ನೆ ಭಯ ಅಲ್ಲ, ಒಪ್ಪುತ್ತೇನೆ. 2023ರ ನವೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪಾದಲ್ಲಿ ನೀರಿನ ಒತ್ತಡ ನಿಯಂತ್ರಿಸುವ ಒಂದು ಯಂತ್ರಕ್ಕೆ ಹ್ಯಾಕರ್‌ಗಳು ಕೈ ಹಾಕಿದರು. ಆ ಬಗೆಯ ಯಂತ್ರ ಕಂಪನಿಯಿಂದ ಬರುವಾಗಲೇ ಅದರ ಪಾಸ್‌ವರ್ಡ್ 1111. ಬದಲಾಯಿಸಿ ಅಂತ ಸರ್ಕಾರ ಆಮೇಲೆ ಎಲ್ಲರಿಗೂ ಹೇಳಬೇಕಾಯಿತು. ಅದಕ್ಕೆ ಯೋಜನೆಯ ಪುಸ್ತಕ ಬೇಕಾ? ಅಲಿಕ್ವಿಪಾದವರು ಆ ಯಂತ್ರ ಆಫ್ ಮಾಡಿ ಕೈಯಲ್ಲೇ ಪಂಪ್ ನಡೆಸಿದರು, ಜನರಿಗೆ ನೀರು ನಿಲ್ಲಲಿಲ್ಲ. ಕೈಯಲ್ಲಿ ನಡೆಸುವುದು ಗೊತ್ತಿದ್ದವರು ಅಲ್ಲಿದ್ದರು.

ಏನಾದರೂ ಕಡ್ಡಾಯ ಮಾಡಲೇಬೇಕು ಅಂದರೆ ಇದನ್ನು ಮಾಡಲಿ: ವರ್ಷಕ್ಕೊಂದು ದಿನ ಕರೆಂಟಿಲ್ಲದೆ, ಕಂಪ್ಯೂಟರ್ ಇಲ್ಲದೆ, ದಿನಾ ಬರುವ ನೀರುಗಂಟಿಯೂ ಇಲ್ಲದೆ ಊರಿಗೆ ನೀರು ಬಿಟ್ಟು ತೋರಿಸಬೇಕು. ಆ ದಿನದ ಜನರೇಟರ್ ಬಾಡಿಗೆ ನಿಯಮ ಮಾಡಿದವರೇ ಕೊಡಲಿ.