ಡ್ರಾಪ್ ಕೊಡ್ಲಾ ಸಾರ್?

ಮೈಸೂರಿನಲ್ಲಿ ಕಾರಿಲ್ಲದೆ ಬದುಕುವುದು ಕಷ್ಟವಲ್ಲ. ಕಾರಿರುವವರ ಕನಿಕರ ತಡೆದುಕೊಳ್ಳುವುದು ಕಷ್ಟ.

ಮದುವೆ ಛತ್ರದ ಗೇಟಿನಲ್ಲೇ ಶುರುವಾಗುತ್ತದೆ. ಸೆಕ್ಯೂರಿಟಿಯವನು "ಪಾರ್ಕಿಂಗ್ ಹಿಂದ್ಗಡೆ ಸಾರ್" ಎಂದು ಕೈ ತೋರಿಸುತ್ತಾನೆ. ಆಮೇಲೆ ನನ್ನ ಬೆನ್ನ ಹಿಂದೆ ಇಣುಕುತ್ತಾನೆ. ಅಲ್ಲಿ ನನ್ನ ಹೆಂಡತಿ ಇರುತ್ತಾಳೆ, ಗಾಡಿ ಇರುವುದಿಲ್ಲ. ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ನಮ್ಮನ್ನು ಯಾರು ಮನೆಗೆ ಬಿಡಬೇಕು ಅನ್ನುವ ಪಂಚಾಯಿತಿ. "ನಾವು ಬಸ್ಸಲ್ಲಿ ಹೋಗ್ತೀವಿ" ಅಂದರೆ ಚಿಕ್ಕಮ್ಮನ ಮುಖ ಬಾಡುತ್ತದೆ. ಮನೆಯಲ್ಲಿ ಏನೋ ತೊಂದರೆ ಇರಬೇಕು ಅಂದುಕೊಂಡು ಇನ್ನೊಂದು ಪೊಟ್ಟಣ ಮೈಸೂರ್ ಪಾಕ್ ಕೊಡುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ.

ಪಕ್ಕದ ಮನೆಯವರ ಕನಿಕರಕ್ಕೆ ಮಾತ್ರ ಇಂಥ ಲಾಭವಿಲ್ಲ. ನಮ್ಮ ಚಾಮರಾಜಪುರಂನಿಂದ ದೇವರಾಜ ಅರಸು ರಸ್ತೆಗೆ ನಡೆದೇ ಹೋಗಬಹುದು. ಗೌರಿ ಹಬ್ಬದ ಹಿಂದಿನ ವಾರ ಹಾಗೇ ಹೊರಟಿದ್ದೆ. "ಬಿಸಿಲಲ್ಲಿ ಯಾಕೆ ಸಾರ್, ನಾನೂ ಅಲ್ಲಿಗೇ" ಎಂದು ಕಾರಿನ ಬಾಗಿಲು ತೆಗೆದರು. ಅರಸು ರಸ್ತೆಯಲ್ಲಿ ಸೂಜಿ ಚುಚ್ಚಲೂ ಜಾಗವಿರಲಿಲ್ಲ. ಕೆ.ಆರ್. ವೃತ್ತ ಸುತ್ತಿದೆವು. ನಾಲ್ವಡಿ ಕೃಷ್ಣರಾಜ ಒಡೆಯರ್ ಪ್ರತಿಮೆಯನ್ನು ಎಲ್ಲಾ ಕಡೆಯಿಂದಲೂ ನೋಡಿದ್ದಾಯಿತು. ಶಿವರಾಂಪೇಟೆ ಆಯಿತು. ಕೊನೆಗೆ ಒಂದು ಬೇವಿನ ಮರದ ಕೆಳಗೆ ಜಾಗ ಸಿಕ್ಕಿತು. ಇಳಿದು ತಲೆ ಎತ್ತಿದರೆ ನಮ್ಮ ಮನೆಯ ನೀರಿನ ಟ್ಯಾಂಕ್ ಕಾಣಿಸುತ್ತಿದೆ!

ಅಲ್ಲಿಂದ ಇಬ್ಬರೂ ನಡೆದುಕೊಂಡೇ ಅರಸು ರಸ್ತೆಗೆ ಹೋದೆವು. ದಾರಿಯುದ್ದಕ್ಕೂ ಅವರು ಬಿಸಿಲಿಗೆ ಬೈದರು. ವಾಪಸ್ ಬರುವಾಗಲೂ ಡ್ರಾಪ್ ಕೊಡ್ತೀನಿ ಅಂತ ಹಟ. ಹಾಗಾಗಿ ನಮ್ಮ ಮನೆ ಗೇಟು ದಾಟಿಕೊಂಡು ಕಾರಿನ ತನಕ ನಡೆದು, ಕಾರಿನಲ್ಲಿ ಕೂತು ಮನೆಗೆ ಬಂದೆ. ಅಷ್ಟು ಪ್ರೀತಿಯಿಂದ ಕರೆದರೆ ಬೇಡ ಅನ್ನೋದು ಹೇಗೆ, ಅಲ್ವಾ? ಒಮ್ಮೆ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ಇವರೇ ಕಿಟಕಿ ಇಳಿಸಿ ಮೆಲ್ಲಗೆ ಕೇಳಿದ್ದರು: "ಡಾಕ್ಟರ್ ಹೇಳಿದ್ರಾ ಸಾರ್?"

ಬಸ್ಸಿನಲ್ಲಿ ಕನಿಕರದ ಕಾಟವಿಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಹೆಂಡತಿಗೆ ಶೂನ್ಯ ಟಿಕೆಟ್, ನನಗೆ ದುಡ್ಡಿನ ಟಿಕೆಟ್. ದುಡ್ಡು ಕೊಟ್ಟವನು ನಿಂತಿರುತ್ತೇನೆ. ಅವಳು ಕಿಟಕಿ ಪಕ್ಕ ಕೂತು, "ಬ್ಯಾಗ್ ಬೇಕಾದ್ರೆ ಕೊಡಿ, ಇಟ್ಕೋತೀನಿ" ಅನ್ನುತ್ತಾಳೆ.

ಈಚಿನ ವರ್ಷಗಳಲ್ಲಿ ನನಗೂ ಒಂದು ಕಾಲ ಬಂದಿದೆ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಖಾಸಗಿ ಗಾಡಿ ಬಿಡುವುದಿಲ್ಲ. ಲಲಿತಮಹಲ್ ಹತ್ತಿರದ ಹೆಲಿಪ್ಯಾಡ್ ಮೈದಾನದಲ್ಲಿ ಗಾಡಿ ನಿಲ್ಲಿಸಿ ಎಲ್ಲರೂ ಬಸ್ ಹತ್ತಬೇಕು. ಬೆಂಗಳೂರಿನಿಂದ ಭಾವ ಹೊಸ ಕಾರು ತಂದಿದ್ದರು. ಪೂಜೆ ಮಾಡಿಸಬೇಕಾದ ಕಾರು ಕೆಳಗೇ ಉಳಿಯಿತು, ನಿಂಬೆಹಣ್ಣು ಮಾತ್ರ ಮೇಲೆ ಹೊರಟಿತು.

ಬೆಟ್ಟದ ಮೊದಲ ತಿರುವಿನಲ್ಲೇ ಭಾವ ನನ್ನ ಮೇಲೆ ಬಿದ್ದರು. "ಕಂಬಿ ಹಿಡ್ಕೊಳಿ ಭಾವ. ಕಾಲು ಸ್ವಲ್ಪ ಅಗಲ ಮಾಡಿ. ಮಂಡಿ ಸಡಿಲ ಬಿಡಿ." ಷೇರು, ಸೈಟು, ಸಾಲದ ಬಗ್ಗೆ ನನಗೆ ಯಾವಾಗಲೂ ಬುದ್ಧಿ ಹೇಳುವವರು ಅಂದು ನಾನು ಹೇಳಿದ್ದನ್ನೆಲ್ಲ ಕೇಳಿದರು. "ಬೇರೆ ದಿನ ಹೇಗೆ ಬರ್ತೀರಿ?" ಎಂದರು. "201ನೇ ನಂಬರ್ ಬಸ್ಸು" ಎಂದೆ, ಸ್ವಲ್ಪ ಗತ್ತಿನಿಂದಲೇ.

ದರ್ಶನ ಮುಗಿಸಿ ಇಳಿದಾಗ ಮೈದಾನದ ತುಂಬ ಬರೀ ಬಿಳಿ ಕಾರುಗಳು. ಭಾವ ಕೀ ಒತ್ತುತ್ತಾ ಒಂದು ಸಾಲು ಹೋದರು, ಇನ್ನೊಂದು ಸಾಲು ಬಂದರು. ಯಾವುದೋ ಕಾರು ಕೀಕ್ ಅಂತು, ಅದು ಇನ್ಯಾರದ್ದೋ. "ಇರಿ, ನಿಮ್ಮನ್ನು ಮನೆಗೆ ಬಿಟ್ಟೇ ಹೋಗ್ತೀನಿ" ಎಂದು ದೂರದಿಂದ ಕೂಗಿದರು.

ಅಷ್ಟರಲ್ಲಿ ಸಿಟಿ ಬಸ್ ಸ್ಟ್ಯಾಂಡಿನ ಬಸ್ ಬಂತು. ನಾನು ಮೆಟ್ಟಿಲ ಮೇಲಿಂದ ಕೈ ಬೀಸಿದೆ: "ಕಾರು ಸಿಕ್ಕಿದ ಮೇಲೆ ಫೋನ್ ಮಾಡಿ ಭಾವ, ಕಾಫಿಗೆ ನೀರಿಡ್ತೀವಿ!"