ಮೆಲ್ಲಗೆ ಹಾಡಿದರೆ ಡಲ್ಲಾ?

ನಿನ್ನೆಯಿಂದ ಹೊಟ್ಟೆ ಉರೀತಿದೆ. ಗೆಳೆಯನ ಮದುವೆಗೆ ಇಪ್ಪತ್ತೈದು ವರ್ಷ ತುಂಬಿದ ಪಾರ್ಟಿ. ಕೇಕ್ ಕತ್ತರಿಸುವಾಗ ಹಾಕಿ ಅಂತ ನಾನೇ ಒಂದು ಹಾಡು ಕೊಟ್ಟಿದ್ದೆ. ಅಮೆರಿಕದ ಗಾಯಕ ಆಲ್ ಗ್ರೀನ್ ಹಾಡಿದ ‘ಲೆಟ್ಸ್ ಸ್ಟೇ ಟುಗೆದರ್’, ಅಂದರೆ ‘ಜೊತೆಗೇ ಇರೋಣ’. ನಲವತ್ತು ಸೆಕೆಂಡೂ ಆಗಿರಲಿಲ್ಲ, ಡಿಜೆ ಹುಡುಗ ತೆಗೆದುಬಿಟ್ಟ. ಕೇಳಿದರೆ, “ಸಾರ್, ತುಂಬಾ ಡಲ್ ಇದೆ, ಜನ ಊಟಕ್ಕೆ ಎದ್ದು ಹೋಗ್ತಾರೆ” ಅಂದ.

ಡಲ್ ಅಂತೆ.

ನನಗೆ ಹಾಡಿನ ಹುಚ್ಚು. ಅದೇ ಹೆಸರಿನ ಆಲ್ಬಮ್ ಬಂದಿದ್ದು 1972ರಲ್ಲಿ. ಅಮೆರಿಕದ ಮೆಂಫಿಸ್ ಊರಿನ ರಾಯಲ್ ಸ್ಟುಡಿಯೋದಲ್ಲಿ ಮಾಡಿದ್ದು. ಅದು ಮೊದಲು ಸಿನಿಮಾ ಥಿಯೇಟರ್ ಆಗಿತ್ತು. ಸ್ಟುಡಿಯೋ ಆದಮೇಲೂ ನೆಲದ ಇಳಿಜಾರು ಹಾಗೇ ಉಳಿಯಿತು. ಅಲ್ಲಿ ನುಡಿಸಿದವರು ಹಾಡ್ಜಸ್ ಮನೆಯ ಮೂವರು ಅಣ್ಣತಮ್ಮಂದಿರು. ಟೀನಿ ಗಿಟಾರ್, ಲೀರಾಯ್ ಬಾಸ್, ಚಾರ್ಲ್ಸ್ ಆರ್ಗನ್. ಮೂವರಲ್ಲಿ ಒಬ್ಬನೂ ಬೇಡದ ಒಂದು ಸ್ವರ ನುಡಿಸಲ್ಲ. ಡ್ರಮ್ ಅಂತೂ ದಿಂಬಿನ ಮೇಲೆ ಗುದ್ದಿದ ಹಾಗೆ ದಪ್ಪಗೆ, ಮೆತ್ತಗೆ.

ಆಲ್ ಗ್ರೀನ್ ಕೂಗೋಕೆ ಬಾರದೆ ಮೆಲ್ಲಗೆ ಹಾಡಿದವನಲ್ಲ. ಚಿಕ್ಕಂದಿನಿಂದ ಮನೆಯವರ ಜೊತೆ ಗಾಸ್ಪೆಲ್, ಅಂದರೆ ಚರ್ಚಿನ ಭಕ್ತಿಗೀತೆ ಹಾಡಿ ಬೆಳೆದವನು. ದೊಡ್ಡ ಗಂಟಲಿನವರ ಥರ ಹಾಡೋ ಆಸೆ ಅವನಿಗೂ ಇತ್ತು. ದನಿ ಇಳಿಸು, ನಿನ್ನ ಹಾಗೇ ಹಾಡು ಅಂತ ಬೆನ್ನು ಹತ್ತಿದವರು ಪ್ರೊಡ್ಯೂಸರ್ ವಿಲ್ಲೀ ಮಿಚೆಲ್. ಕೂಗೋ ಶಕ್ತಿ ಇದ್ದೂ ತಡೆದು ಹಾಡೋದು ಎಷ್ಟು ಕಷ್ಟ ಅಂತ ಒಂದು ಸಲ ಹಾಡಿ ನೋಡಿ. ದನಿ ಮೇಲೆ ಹತ್ತುತ್ತೆ, ಇನ್ನೇನು ಕೂಗಾಗಬೇಕು ಅನ್ನುವಾಗ ತೆಳ್ಳಗಾಗಿ ಉಸಿರಲ್ಲೇ ಕರಗುತ್ತೆ. ಅದನ್ನ ಡಲ್ ಅಂತ ಕರೆಯೋಕೆ ಮನಸ್ಸಾದರೂ ಹೇಗೆ ಬರುತ್ತೆ?

ಪಾರ್ಟಿ ಅಂದಮೇಲೆ ಕುಣೀಬೇಕು ಅಂತೀರಾ? ಕುಣೀರಿ, ಯಾರು ಬೇಡ ಅಂದ್ರು? ಮೂರು ನಿಮಿಷ ಚಿಲ್ಲರೆ ಅಷ್ಟೇ ಆ ಹಾಡು. ಇಪ್ಪತ್ತೈದು ವರ್ಷ ಜೊತೆಗೆ ಬಾಳಿದ ಇಬ್ಬರಿಗೆ ಮೂರು ನಿಮಿಷ ಕೊಡೋಕಾಗಲ್ವಾ? ಜನಕ್ಕೆ ಇಷ್ಟವಾಗಲ್ಲ ಅನ್ನೋ ಮಾತಂತೂ ಬೇಡವೇ ಬೇಡ. 1972ರ ಫೆಬ್ರವರಿಯಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ಹಾಡು ಇದು.

ಇಷ್ಟು ಕೋಪ ಯಾಕೆ ಅಂತ ಹೇಳಿಬಿಡ್ತೀನಿ. ನಾಲ್ಕು ವರ್ಷದ ಹಿಂದೆ ನಾನೂ ನನ್ನ ಹೆಂಡತಿಯೂ ಹನ್ನೊಂದು ದಿನ ಮಾತು ಬಿಟ್ಟಿದ್ದೆವು. ತಪ್ಪು ನನ್ನದೇ. ಒಂದು ರಾತ್ರಿ ಪಾತ್ರೆ ತೊಳೆಯುತ್ತಾ ಇದೇ ಆಲ್ಬಮ್ ಹಾಕಿದ್ದೆ. ಅದರಲ್ಲಿ ಬೀ ಜೀಸ್ ಅನ್ನೋ ಬ್ಯಾಂಡಿನವರ ಒಂದು ಹಾಡಿದೆ, ಮುರಿದ ಮನಸ್ಸನ್ನ ಹೇಗೆ ಸರಿಮಾಡೋದು ಅಂತ ಕೇಳೋದು. ಗ್ರೀನ್ ಅದನ್ನ ಆರು ನಿಮಿಷಕ್ಕೂ ಜಾಸ್ತಿ ಹಾಡ್ತಾನೆ. ಎಲ್ಲೂ ಅವಸರ ಇಲ್ಲ. ಹಾಡು ಮುಗಿಯೋದರೊಳಗೆ ಅವಳು ಬಂದು ಪಕ್ಕದಲ್ಲಿ ನಿಂತಳು. ಬಟ್ಟೆ ತಗೊಂಡು ತಟ್ಟೆ ಒರೆಸೋಕೆ ಶುರು ಮಾಡಿದಳು. ಆ ಹಾಡು ಕಿರುಚಿದ್ದರೆ ಅವಳು ರೂಮಿನ ಬಾಗಿಲು ಹಾಕಿಕೊಳ್ತಿದ್ದಳು.

ನಿನ್ನೆ ಆ ನಲವತ್ತು ಸೆಕೆಂಡಲ್ಲಿ ನಾನು ನೋಡಿದ್ದು ಇಷ್ಟು. ಹಾಡು ಶುರುವಾದಾಗ ಇಬ್ಬರ ಕೈಯೂ ಚಾಕುವಿನ ಮೇಲಿತ್ತು. ಕೇಕ್ ಕತ್ತರಿಸೋದು ನಿಂತಿತು. ಅವನು ಏನೋ ಹೇಳಿದ, ಅವಳು ತಲೆ ಎತ್ತಿ ಅವನ ಮುಖ ನೋಡಿದಳು. ಆಗಲೇ ಸ್ಪೀಕರ್ ಧಡಾರ್ ಅಂತು. ಇಬ್ಬರೂ ಬೆಚ್ಚಿಬಿದ್ದು ಕ್ಯಾಮೆರಾ ಕಡೆ ತಿರುಗಿದರು.